ಕಮ್ಯೂನಿಟಿ ಕಾಲೇಜಿನ 'ಆನರ್ಸ್': ತೋಟದ ಮೇಲೆ ಸಾಲ ಎತ್ತುವ ಮೊದಲು

ಕಳೆದ ತಿಂಗಳು ಸಂಘದ ಗೋದಾಮಿನಲ್ಲಿ ಅಡಿಕೆ ತೂಕವಾಗುವುದನ್ನು ಕಾಯುತ್ತ ಕುಳಿತಿದ್ದಾಗ ನೆರೆಯೂರಿನ ಸದಸ್ಯರೊಬ್ಬರು ಜೇಬಿನಿಂದ ಬಣ್ಣದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು. ಪಿ.ಯು.ಸಿ. ಮುಗಿಸಿದ ಮಗನನ್ನು ಅಮೆರಿಕೆಗೆ ಕಳಿಸಿಕೊಡುತ್ತೇನೆಂದು ಹೇಳಿದ ಏಜೆಂಟರ ಕಾಗದ ಅದು. ಕ್ಯಾಲಿಫೋರ್ನಿಯದ ಕಮ್ಯೂನಿಟಿ ಕಾಲೇಜಿನಲ್ಲಿ ಆನರ್ಸ್‌ಗೆ ಸೇರಿದರೆ ಎರಡು ವರ್ಷದ ತರುವಾಯ ಲಾಸ್ ಏಂಜಲೀಸ್‌ನ ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಸೀಟು ಖಚಿತ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. "ತೋಟದ ಮೇಲೆ ಸಾಲ ಎತ್ತಬೇಕು ಮಾರಾಯ್ರೆ. ನಿಮ್ಮ ತಂಗಿ ಮಗ ಅಂಥದೇ ಕಾಲೇಜಿಗೆ ಹೋದವನಲ್ವ? ಇದು ನಿಜವೋ ಬುರುಡೆಯೋ ಹೇಳಿ" ಎಂದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತೋಟ ಅಡವಿಡುವ ಮಾತು ನಮ್ಮಲ್ಲಿ ಮನೆಮನೆಯಲ್ಲೂ ನಡೆಯುತ್ತಿರುವುದರಿಂದ, ತಿಳಿದಷ್ಟನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಮೊದಲು ಈ ಕಾಲೇಜು ಏನೆಂಬುದು. ನಮ್ಮ ಐ.ಟಿ.ಐ. ಮತ್ತು ಪದವಿ ಕಾಲೇಜಿನ ಮೊದಲೆರಡು ವರ್ಷ ಒಂದೇ ಸೂರಿನಡಿ ಇದ್ದರೆ ಹೇಗೋ ಹಾಗೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಹುಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇವನ್ನು ದೇಶದ ತುಂಬ ತೆರೆಯಬೇಕೆಂದು ಹೇಳಿದ ಮೇಲೆ ಕಮ್ಯೂನಿಟಿ ಕಾಲೇಜು ಎಂಬ ಹೆಸರು ಬಳಕೆಗೆ ಬಂತು. ಕ್ಯಾಲಿಫೋರ್ನಿಯದಲ್ಲಿ 1960ರ ಯೋಜನೆಯಂತೆ ಹೈಸ್ಕೂಲಿನ ಮೇಲಿನ ಎಂಟನೇ ಒಂದು ಪಾಲಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯ, ಮೇಲಿನ ಮೂರನೇ ಒಂದು ಪಾಲಿಗೆ ಸ್ಟೇಟ್ ಕಾಲೇಜು, ಉಳಿದ ಯಾರೇ ಬಂದರೂ ಕಮ್ಯೂನಿಟಿ ಕಾಲೇಜು ಎಂದಾಯಿತು. ಅಲ್ಲಿ ಅಂಕ ಕೇಳುವುದಿಲ್ಲ, ಬಾಗಿಲು ಸದಾ ತೆರೆದಿರುತ್ತದೆ. ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಬಹುದು. ಆಪಲ್ ಕಂಪ್ಯೂಟರ್ ಕಟ್ಟಿದವರಲ್ಲಿ ಒಬ್ಬರಾದ ವೋಜ್ನಿಯಾಕ್ ಕೂಡ ಸ್ವಲ್ಪ ಕಾಲ ಕ್ಯೂಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಓದಿದವರೇ.

ಬಾಗಿಲು ಎಲ್ಲರಿಗೂ ತೆರೆದಿರುವ ಕಡೆ ಆನರ್ಸ್ ಯಾತಕ್ಕೆ? ಇದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಮರದಿಂದ ಇಳಿದ ಗೊನೆಯೆಲ್ಲ ಒಂದೇ ಅಂಗಳಕ್ಕೆ ಬೀಳುತ್ತದೆ. ಸುಲಿದು, ಬೇಯಿಸಿ, ಒಣಗಿಸಿ, ಆರಿಸಿದ ಮೇಲೆ ತಾನೇ ಸರಕು, ಬೆಟ್ಟೆ, ರಾಶಿ ಎಂದು ದರ ಬೇರೆಯಾಗುವುದು? ಒಳಗೆ ಬಂದ ಮೇಲೆ ಹೆಚ್ಚು ದುಡಿಯಲು ಸಿದ್ಧರಿರುವವರಿಗೆ ಹೆಚ್ಚಿನ ಕೆಲಸ ಕೊಡುವ ಏರ್ಪಾಡು ಆನರ್ಸ್. ಸೇರಲು ಅರ್ಜಿ, ಒಂದು ಪ್ರಬಂಧ, ಕೆಲವು ಕಡೆ ಅಧ್ಯಾಪಕರ ಶಿಫಾರಸು, ಜೊತೆಗೆ ನಾಲ್ಕಕ್ಕೆ ಮೂರು ಅಥವಾ ಅದಕ್ಕಿಂತ ಮೇಲಿನ ಗ್ರೇಡು ಸರಾಸರಿ ಬೇಕು. ಹೈಸ್ಕೂಲಿನಲ್ಲಿ ಕಡಿಮೆ ಬಂದವರು ಒಂದು ಅವಧಿ ಕಾಲೇಜಿನಲ್ಲಿ ಚೆನ್ನಾಗಿ ಓದಿ ತೋರಿಸಿ ಆಮೇಲೆ ಸೇರಬಹುದು. ಸೇರಿದವರು ಸಾಮಾನ್ಯವಾಗಿ ಐದಾರು ಆನರ್ಸ್ ವಿಷಯಗಳನ್ನು ಮುಗಿಸಬೇಕು. ತರಗತಿ ಚಿಕ್ಕದು, ಓದುವುದು, ಬರೆಯುವುದು, ಎದ್ದುನಿಂತು ವಾದಿಸುವುದು ಹೆಚ್ಚು. ಪ್ರತ್ಯೇಕ ತರಗತಿ ಇಲ್ಲದ ವಿಷಯಕ್ಕೆ ಅಧ್ಯಾಪಕರೊಡನೆ ಕರಾರು ಮಾಡಿಕೊಂಡು ಸಂಶೋಧನಾ ಲೇಖನ ಬರೆದುಕೊಡುವುದೂ ಉಂಟು.

ನನ್ನ ತಂಗಿಯ ಸಂಸಾರ ಅಲ್ಲಿ ನೆಲೆಸಿ ಬಹಳ ವರ್ಷವಾಯಿತು. ಅವಳ ಮಗ 2021ರಲ್ಲಿ ಕಮ್ಯೂನಿಟಿ ಕಾಲೇಜಿಗೆ ಸೇರಿದಾಗ ನಮ್ಮವರಲ್ಲೇ ಕೆಲವರು "ಅಯ್ಯೋ, ಅಲ್ಲಿಗಾ?" ಎಂದಿದ್ದರು. ಒಂದು ಅವಧಿ ಕಳೆದು ಆನರ್ಸ್‌ಗೆ ಹೋದ. ಇತಿಹಾಸದ ತರಗತಿಯಲ್ಲಿ ಲೇಖನಕ್ಕೆ ಅವನು ಆರಿಸಿಕೊಂಡದ್ದು ಕಾಫಿಯ ಎಲೆತುಕ್ಕು ರೋಗ: 1869ರ ನಂತರ ಸಿಂಹಳದ ಕಾಫಿ ತೋಟಗಳು ಹಾಳಾಗಿ ಅಲ್ಲಿ ಟೀ ಬಂದದ್ದು, 2012ರ ಸುಮಾರಿಗೆ ಅದೇ ರೋಗ ಮಧ್ಯ ಅಮೆರಿಕದ ಸಣ್ಣ ಬೆಳೆಗಾರರನ್ನು ಕೂಲಿಗೆ ಇಳಿಸಿದ್ದು. ಮೊದಲ ಕರಡನ್ನು ಅಧ್ಯಾಪಕಿ ಹಿಂದಕ್ಕೆ ಕೊಟ್ಟರಂತೆ. ಎಲ್ಲವೂ ಬೇರೆಯವರು ಬರೆದದ್ದರಿಂದ ಎತ್ತಿದ್ದು, ನೀನು ಕಣ್ಣಾರೆ ನೋಡಿದ ಒಂದು ದಾಖಲೆಯೂ ಇಲ್ಲ ಎಂಬುದು ಅವರ ತಕರಾರು. ಹುಡುಗ ಆನರ್ಸೇ ಬೇಡವೆಂದು ಮೂರು ದಿನ ಮುಖ ಊದಿಸಿಕೊಂಡಿದ್ದ ಎಂದು ತಂಗಿ ಹೇಳಿದಳು. ಗ್ರೇಡು ಇಳಿದರೆ ವರ್ಗಾವಣೆಗೇ ಪೆಟ್ಟು ಎಂಬ ಹೆದರಿಕೆ ಅವನದು. ಆ ಹೆದರಿಕೆ ಸುಳ್ಳೂ ಅಲ್ಲ.

ನಾಲ್ಕನೇ ದಿನ ರಾತ್ರಿ ಫೋನು ಬಂತು. "ಮಾವ, ಅಜ್ಜನ ಹಳೇ ಲೆಕ್ಕದ ಪುಸ್ತಕ ಇದೆಯಾ?" ಅಟ್ಟದ ಪೆಟ್ಟಿಗೆಯಲ್ಲಿತ್ತು. ಯಾವ ದಿನ ಬೋರ್ಡೋ ಹೊಡೆದದ್ದು, ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಆಳು ಎಷ್ಟು, ಯಾವ ಪಟ್ಟೆಯ ಗಿಡ ಎಲೆ ಉದುರಿಸಿತು, ಎಸ್.795 ಹಾಕಿದ ಕಡೆ ಹೇಗೆ ನಿಂತಿತು ಎಂದೆಲ್ಲ ನಮ್ಮ ತಂದೆಯವರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಗೆದ್ದಲು ಒಂದಷ್ಟು ತಿಂದಿತ್ತು. ಉಳಿದ ಪುಟಗಳ ಚಿತ್ರ ತೆಗೆದು ಕಳಿಸಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಸಂಶೋಧನಾ ಕೇಂದ್ರದ ವಿಷಯವನ್ನೂ ಸೇರಿಸಿಕೊಂಡು ಅವನು ಲೇಖನವನ್ನು ಹೊಸದಾಗಿ ಬರೆದ. ಕನ್ನಡ ಓದಲು ತಡವರಿಸುವ ಹುಡುಗ ಅಜ್ಜನ ಅಕ್ಷರ ಬಿಡಿಸಲು ಅಮ್ಮನನ್ನು ಎರಡು ವಾರ ಗೋಳು ಹುಯ್ದುಕೊಂಡನಂತೆ. ಈ ಕಾಲೇಜುಗಳ ಆನರ್ಸ್ ವಿದ್ಯಾರ್ಥಿಗಳು ಲೇಖನ ಓದುವ ಸಮ್ಮೇಳನಗಳು ಅರ್ವೈನ್ ಮುಂತಾದ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತವೆ. ಅಂಥ ಒಂದರಲ್ಲಿ ಅವನೂ ಓದಿದ.

ಈಗ ಏಜೆಂಟರ 'ಖಚಿತ' ಎಂಬ ಮಾತಿಗೆ ಬರೋಣ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾನಿಲಯ, ಅಂದರೆ ಯು.ಸಿ.ಎಲ್.ಎ., 1985ರಿಂದ ಕಮ್ಯೂನಿಟಿ ಕಾಲೇಜುಗಳೊಡನೆ ಒಂದು ಒಪ್ಪಂದ ನಡೆಸಿಕೊಂಡು ಬಂದಿದೆ. ಒಪ್ಪಂದದಲ್ಲಿರುವ ಕಾಲೇಜಿನ ಆನರ್ಸ್ ಮುಗಿಸಿ ಪ್ರಮಾಣಪತ್ರ ಪಡೆದವರ ಅರ್ಜಿಗೆ ಆದ್ಯತೆ ಸಿಗುತ್ತದೆ. ಆದ್ಯತೆಯೇ ಹೊರತು ಖಾತರಿಯಲ್ಲ. ಅದೂ ಕಲೆ ಮತ್ತು ವಿಜ್ಞಾನ ವಿಭಾಗಕ್ಕೆ ಮಾತ್ರ. ಇಂಜಿನಿಯರಿಂಗ್‌ಗೆ ಅದು ಅನ್ವಯಿಸುವುದಿಲ್ಲ. ನಮ್ಮವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೇಳುವುದು ಇಂಜಿನಿಯರಿಂಗೇ ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನಿಜವಾದ ಖಾತರಿ ಬೇರೊಂದಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳು ನಿಗದಿತ ವಿಷಯ, ಗ್ರೇಡು ಪೂರೈಸಿದವರಿಗೆ ಮೊದಲೇ ಬರಹದಲ್ಲಿ ಸೀಟಿನ ಭರವಸೆ ಕೊಡುತ್ತವೆ. ಯು.ಸಿ.ಎಲ್.ಎ., ಬರ್ಕ್ಲಿ, ಸಾನ್ ಡಿಯಾಗೋ ಇದರಲ್ಲಿ ಇಲ್ಲ. ಇದಕ್ಕೆ ಆನರ್ಸ್ ಬೇಕೆಂದೂ ಇಲ್ಲ. ನನ್ನ ಸೋದರಳಿಯನಿಗೆ ಆನರ್ಸ್ ಇದ್ದೂ ಯು.ಸಿ.ಎಲ್.ಎ. ಸಿಗಲಿಲ್ಲ. ಈ ಭರವಸೆಯ ದಾರಿಯಲ್ಲೇ 2023ರಲ್ಲಿ ಡೇವಿಸ್ ಸೇರಿದ. ಅಲ್ಲಿ 2024ರಲ್ಲಿ ಕಾಫಿಗೆಂದೇ ಒಂದು ಕೇಂದ್ರ ತೆರೆದಿದ್ದಾರೆ.

ಇನ್ನೊಂದು ಗೊಂದಲ. ಫೈ ಥೀಟಾ ಕಪ್ಪಾ ಎಂಬ ಗೌರವ ಸಂಘ 1918ರಿಂದ ಇದೆ. ಒಳ್ಳೆಯ ಗ್ರೇಡು ಬಂದವರಿಗೆ ಆಹ್ವಾನ ಬರುತ್ತದೆ, ಶುಲ್ಕ ಕಟ್ಟಿ ಸದಸ್ಯರಾಗಬೇಕು. ಒಳ್ಳೆಯ ಸಂಘವೇ, ವಿದ್ಯಾರ್ಥಿವೇತನಗಳೂ ಇವೆ. ಆದರೆ ಅದು ಆನರ್ಸ್ ವ್ಯಾಸಂಗವಲ್ಲ.

ಖರ್ಚಿನ ಲೆಕ್ಕವೇ ಮುಖ್ಯ. ಕ್ಯಾಲಿಫೋರ್ನಿಯ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರು, ಅರುವತ್ತು ಯೂನಿಟ್ಟಿನ ಎರಡು ವರ್ಷಕ್ಕೆ 2,760 ಡಾಲರು ಶುಲ್ಕ. ನನ್ನ ತಂಗಿ ಕಟ್ಟಿದ್ದು ಈ ದರ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಇದರ ಹಲವು ಪಟ್ಟು. ಊಟ, ವಸತಿ, ವಿಮೆ ಬೇರೆ. ಮುಂದೆ ಯು.ಸಿ.ಗೆ ಹೋದ ಎರಡು ವರ್ಷ, ಎಲ್ಲರೂ ಕಟ್ಟುವ ಶುಲ್ಕದ ಮೇಲೆ ಹೊರಗಿನವರಿಗೆಂದು ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಕಟ್ಟಬೇಕು. ಆ ವೀಸಾದಲ್ಲಿದ್ದವರು ಎಷ್ಟು ವರ್ಷ ಇದ್ದರೂ ನಿವಾಸಿ ದರಕ್ಕೆ ಬರುವುದಿಲ್ಲ. ಕಾಲೇಜು ನಡೆಯುವಾಗ ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದು. ಏಜೆಂಟರ ಕಾಗದದಲ್ಲಿದ್ದದ್ದು 46 ಡಾಲರಿನ ಲೆಕ್ಕ!

ಆನರ್ಸ್ ಎಂಬ ಮಾತು ನಮ್ಮಲ್ಲೂ ಹಳೆಯದೇ. ಮೈಸೂರಿನ ಬಿ.ಎ. ಆನರ್ಸ್ ಹಿರಿಯರಿಗೆ ನೆನಪಿರಬಹುದು. 2021ರಲ್ಲಿ ನಮ್ಮ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟು ಮೂರು ವರ್ಷಕ್ಕೇ ಮರಳಿತು. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಮಾತ್ರ ಬಿ.ಎಸ್ಸಿ. (ಆನರ್ಸ್) ಕೃಷಿ ಎಂಬ ಪದವಿ ಇದ್ದೇ ಇದೆ. ಬೆಳೆಗಾರರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ.

ಈ ಲೆಕ್ಕವನ್ನೆಲ್ಲ ನೆರೆಯೂರಿನ ಸದಸ್ಯರಿಗೆ ಅವರ ತೂಕದ ಚೀಟಿಯ ಹಿಂಬದಿಯಲ್ಲೇ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹುಡುಗನನ್ನೇ ಕರಕೊಂಡು ಬರ್ತೇನೆ, ಅವನಿಗೂ ಹೀಗೇ ಬರೆದು ತೋರಿಸಿ. ನಾನು ಹೇಳಿದ್ರೆ ದುಡ್ಡಿಗೆ ಹಿಂಜರಿದೆ ಅಂದ್ಕೊಳ್ತಾನೆ" ಎಂದರು. ಮುಂದಿನ ಗುರುವಾರ ಅಪ್ಪ ಮಗ ಇಬ್ಬರೂ ಗೋದಾಮಿಗೆ ಬರುವವರಿದ್ದಾರೆ.