ಇಂಟೀರಿಯರ್ ಮಾಡಿಸಿದರೆ ಮನೆ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆಯೇ?

“ಮನೆ ಮಾರುವ ಮೊದಲು ಇಂಟೀರಿಯರ್‌ಗೆ ಐದು ಲಕ್ಷ ಹಾಕಿ, ಹತ್ತು ಲಕ್ಷ ಹೆಚ್ಚಿಗೆ ಸಿಗುತ್ತದೆ” ಎಂಬಂಥ ಸಲಹೆಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿರುತ್ತವೆ. ಮನೆ ಚೊಕ್ಕಟವಾಗಿದ್ದರೆ ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ನೋಡಲು ಬಂದವರನ್ನು ಕೆಲವು ಅಲಂಕಾರಗಳೇ ವಾಪಸ್ ಕಳಿಸುತ್ತವೆ. ಯಾಕೆ?

ಮೊದಲ ಅನುಮಾನ ತೇವದ್ದು. ಬಾತ್‌ರೂಮಿಗೆ ತಾಗಿದ ಗೋಡೆಗೆ ಮಾತ್ರ ಪಿವಿಸಿ ಪ್ಯಾನೆಲ್ ಅಥವಾ ವಾಲ್‌ಪೇಪರ್ ಹಾಕಿದ್ದರೆ, “ಇದರ ಹಿಂದೆ ಏನಿದೆ?” ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳ ಮೂಲಕ ನೀರು ಹರಿಯುವಾಗ ಅಲ್ಲಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ನಾವು ಕಾಣುವ ಬಿಳಿ ಪುಡಿ ಅದೇ. ಹಳೆಯ ಮನೆಗಳ ಸುಣ್ಣದ ಗೋಡೆಯಲ್ಲಿ ಆವಿ ಹೊರಹೋಗಲು ದಾರಿ ಇರುತ್ತಿತ್ತು. ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಪದರದಂತೆ ಕೂರುವುದರಿಂದ ಗುಳ್ಳೆ ಏಳುತ್ತದೆ. ಪ್ಯಾನೆಲ್ ಹಾಕಿದರೆ ಅದೂ ಕಾಣಿಸದೆ, ಹಿಂದೆ ಬೂಷ್ಟು ಬೆಳೆಯುತ್ತದೆ. ಸೋರಿಕೆ ನಿಂತಿರುವುದಿಲ್ಲ, ಮುಚ್ಚಿರುತ್ತದೆ ಅಷ್ಟೆ.

ಕಡುಬಣ್ಣದ್ದು ಇಷ್ಟು ದೊಡ್ಡ ಸಮಸ್ಯೆಯಲ್ಲ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 80%ರಷ್ಟನ್ನು ಮರಳಿಸುತ್ತದೆ, ಕಡುನೀಲಿ ಅಥವಾ ಮರೂನ್ ಬಹಳ ಕಡಿಮೆ. ಹಾಗಾಗಿ ಕೋಣೆ ಚಿಕ್ಕದಾಗಿ, ಮಂಕಾಗಿ ಕಾಣುತ್ತದೆ. ನಿಮಗೆ ಇಷ್ಟವಿದ್ದರೆ ವಾಸವಿರುವಷ್ಟು ದಿನ ಹಚ್ಚಿಕೊಳ್ಳಿ, ನಮ್ಮ ತಕರಾರಿಲ್ಲ.

ಹಾಲ್ ದೊಡ್ಡದಾಗಲಿ ಎಂದು ಗೋಡೆ ಒಡೆಸಿದ್ದರೆ ವಿಷಯ ಬೇರೆ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟು ಕಡೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳಿರುತ್ತವೆ. ಮೇಲಿನ ಮಹಡಿಗಳ ಭಾರ ಹೊರುವುದು ಆ ಗೋಡೆಗಳೇ. ಅದನ್ನು ಕೊರೆದ ಮನೆಯನ್ನು ತಿಳಿದವರು ಕೊಳ್ಳುವುದಿಲ್ಲ.

ಇನ್ನು ಹಣದ ಮಾತು. ಸಾಲ ಕೊಡುವ ಬ್ಯಾಂಕ್ ತನ್ನ ವ್ಯಾಲ್ಯುಯರ್‌ನನ್ನು ಕಳಿಸುತ್ತದೆ. ಸಾಮಾನ್ಯವಾಗಿ ಅವರು ಲೆಕ್ಕ ಹಾಕುವುದು ಜಾಗ, ವಿಸ್ತೀರ್ಣ, ಕಟ್ಟಡದ ವಯಸ್ಸನ್ನು. ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್‌ಗೆ ನೀವು ಸುರಿದ ಹಣವನ್ನಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷಕ್ಕಿಂತ ಹೆಚ್ಚು, 75 ಲಕ್ಷದವರೆಗಿನ ಸಾಲಕ್ಕೆ ಮನೆ ಮೌಲ್ಯದ ಗರಿಷ್ಠ 80% ಸಿಗುತ್ತದೆ. ಉದಾಹರಣೆಗೆ, ನೀವು 75 ಲಕ್ಷ ಹೇಳಿ, ಬ್ಯಾಂಕ್ 65 ಲಕ್ಷ ಎಂದರೆ ಸಾಲ ಹೆಚ್ಚೆಂದರೆ 52 ಲಕ್ಷ. ಕೊಳ್ಳುವವರು ಉಳಿದ 23 ಲಕ್ಷ ಕೈಯಿಂದ ಹೊಂದಿಸಬೇಕು, ನೋಂದಣಿ ಖರ್ಚು ಬೇರೆ. ಎಷ್ಟೋ ಮಾತುಕತೆ ಮುರಿದುಬೀಳುವುದು ಇಲ್ಲೇ.

ಮನೆ ನೋಡಲು ಹೋಗುವವರು ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಅಡ್ಡವಾಗಿ ಹಿಡಿದು ನೋಡಿ. ಬಣ್ಣದಡಿಯ ಉಬ್ಬು, ತೇಪೆಗಳ ನೆರಳು ಬೀಳುತ್ತದೆ. ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ. ಒಂದು ಪ್ಯಾನೆಲ್ ಬಿಚ್ಚಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಮಾರುವವರು ಮೊದಲು ಸೋರಿಕೆ ರಿಪೇರಿ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ತಿಳಿ ಬಣ್ಣ ಹೊಡೆಸಿ. ರಿಪೇರಿಗೆ ಮುಂಚಿನ ಫೋಟೋ, ವಾಟರ್‌ಪ್ರೂಫಿಂಗ್ ಬಿಲ್ ಎತ್ತಿಟ್ಟುಕೊಂಡು ಬಂದವರಿಗೆ ನೀವೇ ತೋರಿಸಿ.