ಕೀರ್ತಿಮಂದಿರದ ಬಾಗಿಲು

ಬದುಕಿರುವವರ ಯೋಗ್ಯತೆಯನ್ನು ಕಣ್ಣಾರೆ ಕಂಡು ತೂಗಬಹುದು. ಗತಿಸಿದವರ ಯೋಗ್ಯತೆಯನ್ನು ತೂಗುವುದು ಹೇಗೆ? ಇತಿಹಾಸದ ವಿದ್ಯಾರ್ಥಿಗಳಾದ ನಮ್ಮನ್ನು ಪದೇ ಪದೇ ಕಾಡುವ ಈ ಪ್ರಶ್ನೆಗೆ ಅಮೆರಿಕದ ಬೇಸ್‌ಬಾಲ್ ಆಟದ ಕೀರ್ತಿಮಂದಿರವು ಒಂದು ಸ್ವಾರಸ್ಯವಾದ ನಿದರ್ಶನ.

ಬೇಸ್‌ಬಾಲ್ ನಮ್ಮಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಕ್ರಿಕೆಟ್ಟಿನಂತೆ ಅಲ್ಲಿಯೂ ಒಬ್ಬನು ಚೆಂಡನ್ನು ಎಸೆಯುತ್ತಾನೆ, ಮತ್ತೊಬ್ಬನು ದಾಂಡಿನಿಂದ ಹೊಡೆಯುತ್ತಾನೆ. ದಾಂಡಿಗನನ್ನು ಅಳೆಯುವ ಹಳೆಯ ಮಾನವೆಂದರೆ ಸರಾಸರಿ. ಸಾವಿರ ಸಲದಲ್ಲಿ ಮುನ್ನೂರು ಸಲ ಹೊಡೆತ ಸಾಧಿಸಿದವನು ಉತ್ತಮನೆನಿಸುತ್ತಾನೆ.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿನಲ್ಲಿ 1939ರಲ್ಲಿ ಈ ಮಂದಿರದ ಬಾಗಿಲು ತೆರೆಯಿತು. ಮೊದಲ ಚುನಾವಣೆ 1936ರಲ್ಲಿಯೇ ನಡೆದು ಟೈ ಕಾಬ್, ಬೇಬ್ ರೂತ್ ಮೊದಲಾದ ಐವರು ಆರಿಸಿ ಬಂದಿದ್ದರು. ಕಾಬ್ ಅವರಿಗೆ 226 ಮತಗಳಲ್ಲಿ 222 ದೊರೆತವು. ಪತ್ರಿಕೆಗಳ ಕ್ರೀಡಾಲೇಖಕರೇ ಮತದಾರರು. ನೂರಕ್ಕೆ 75 ಮತಗಳು ಬೀಳದೆ ಪ್ರವೇಶವಿಲ್ಲ. ಅವರ ಕೈತಪ್ಪಿದ ಹಳಬರನ್ನು ಪರಿಶೀಲಿಸಲು ಬೇರೆ ಸಮಿತಿಯುಂಟು. ಈಗ ಅದರಲ್ಲಿ 16 ಮಂದಿ ಸದಸ್ಯರು. ಗೆಲ್ಲಲು 12 ಮತಗಳು ಬೇಕು.

ಹಳಬರ ಪರವಾಗಿ ಹೂಡುವ ವಾದಗಳಲ್ಲಿ ಮೊದಲನೆಯದು ಹೋಲಿಕೆ. “ಅವನು ಒಳಗಿರುವಾಗ ಇವನೇಕೆ ಹೊರಗೆ?” ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಳಗಿರುವ ಕನಿಷ್ಠನನ್ನೇ ಅಳತೆಗೋಲಾಗಿ ಹಿಡಿದರೆ ಬಾಗಿಲು ವರ್ಷವರ್ಷಕ್ಕೂ ಅಗಲವಾಗುತ್ತದೆ. ಹಳೆಯ ಆಟಗಾರ ಫ್ರಾಂಕಿ ಫ್ರಿಷ್ ಸಮಿತಿಯಲ್ಲಿದ್ದ 1970ರ ಸುಮಾರಿನಲ್ಲಿ, ಅವರೊಡನೆ ಆಡಿದ್ದ ಜೆಸ್ಸಿ ಹೇನ್ಸ್, ಚಿಕ್ ಹೇಫಿ, ಜಾರ್ಜ್ ಕೆಲ್ಲಿ ಒಬ್ಬೊಬ್ಬರಾಗಿ ಒಳಬಂದರು. ಇದು ಸ್ನೇಹದ ಫಲವೆಂಬ ಟೀಕೆ ಇಂದಿಗೂ ನಿಂತಿಲ್ಲ.

ಎರಡನೆಯದು ನಡತೆಯ ಪ್ರಶ್ನೆ. 1919ರ ವಿಶ್ವಸರಣಿಯಲ್ಲಿ ಹಣಕ್ಕಾಗಿ ಸೋತರೆಂಬ ಆರೋಪದ ಮೇಲೆ ಬಹಿಷ್ಕೃತರಾದ ಎಂಟು ಮಂದಿಯಲ್ಲಿ ಜೋ ಜಾಕ್ಸನ್ ಒಬ್ಬರು. ಅವರ ಸರಾಸರಿ ಸಾವಿರಕ್ಕೆ 356. 1921ರಲ್ಲಿ ನ್ಯಾಯಾಲಯವು ಬಿಡುಗಡೆ ಮಾಡಿದರೂ ಆಟದ ಅಧಿಕಾರಿಗಳು ಕ್ಷಮಿಸಲಿಲ್ಲ. ಮೃತರ ಮೇಲಿನ ಬಹಿಷ್ಕಾರ ರದ್ದಾದದ್ದು 2025ರಲ್ಲಿ.

ಇವರಿಗಾದರೋ ಲೆಕ್ಕಗಳಿವೆ. ಲೆಕ್ಕವೇ ಇಲ್ಲದವರ ಗತಿಯೇನು? ವರ್ಣಭೇದದ ಕಾರಣ 1947ರವರೆಗೆ ಕಪ್ಪು ವರ್ಣದ ಆಟಗಾರರಿಗೆ ದೊಡ್ಡ ಲೀಗುಗಳಲ್ಲಿ ಸ್ಥಾನವಿರಲಿಲ್ಲ. ಅವರು ತಮ್ಮದೇ ನೀಗ್ರೋ ಲೀಗುಗಳಲ್ಲಿ ಆಡಿದರು. ಆ ಪಂದ್ಯಗಳ ಅಂಕಿಗಳನ್ನು ಜೋಪಾನವಾಗಿ ಬರೆದಿಟ್ಟವರು ಕಡಮೆ. ಅವರಲ್ಲಿ ಅಗ್ರಗಣ್ಯರಾದ ಜಾಷ್ ಗಿಬ್ಸನ್, ಜಾಕಿ ರಾಬಿನ್‌ಸನ್ ಆ ಗೋಡೆಯನ್ನು ದಾಟುವ ಮೂರು ತಿಂಗಳ ಮೊದಲೇ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಾತನ ದುಡಿಮೆಗೆ ಕಾಗದಪತ್ರವಿಲ್ಲ. ಜೊತೆಯಲ್ಲಿ ದುಡಿದವರ ಮಾತೇ ಸಾಕ್ಷಿ. ಆದುದರಿಂದ ಬಾಯಿಮಾತಿನ ಸಾಕ್ಷ್ಯವನ್ನು ತಳ್ಳಿಹಾಕಲು ನನಗೆ ಮನಸ್ಸಾಗದು. ಆದರೆ ಗೆಳೆಯನ ಮಾತಿಗಿಂತ ಎದುರಾಳಿಯ ಮಾತಿಗೆ ಬೆಲೆ ಹೆಚ್ಚು. 1966ರಲ್ಲಿ ಬಿಳಿಯ ದಾಂಡಿಗ ಟೆಡ್ ವಿಲಿಯಮ್ಸ್ ತಮ್ಮ ಸನ್ಮಾನದ ದಿನವೇ ಗಿಬ್ಸನ್ ಮತ್ತು ಸ್ಯಾಚೆಲ್ ಪೇಜ್ ಇಲ್ಲಿಗೆ ಬರಬೇಕೆಂದು ಹೇಳಿದರು. ಪೇಜ್ ಅವರ ಎಸೆತವನ್ನು ಎದುರಿಸಿದ್ದವರ ಮಾತದು. ಪೇಜ್ 1971ರಲ್ಲಿಯೂ ಗಿಬ್ಸನ್ 1972ರಲ್ಲಿಯೂ ಒಳಬಂದರು.

ಮುಂದೆ ಸಂಶೋಧಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಸುಮಾರು ಮುಕ್ಕಾಲು ಪಾಲು ಲೆಕ್ಕವನ್ನು ಕೂಡಿಸಿದರು. 2024ರಲ್ಲಿ ಅದು ಅಧಿಕೃತವಾದಾಗ ಗಿಬ್ಸನ್ನರ ಸರಾಸರಿ 372 ಎಂದು ತಿಳಿಯಿತು. ಅದುವರೆಗೆ ಮೊದಲಿಗರಾಗಿದ್ದ ಕಾಬ್ ಅವರದು 367. ಬಾಯಿಮಾತು ಸುಳ್ಳಾಗಲಿಲ್ಲ.

ತಡವಾದ ಮನ್ನಣೆಗೂ ಒಂದು ನೋವುಂಟು. 2006ರಲ್ಲಿ ನೀಗ್ರೋ ಲೀಗುಗಳ ಕಾಲದ 17 ಮಂದಿ ಒಟ್ಟಿಗೆ ಆಯ್ಕೆಯಾದರು. ಅವರ ನೆನಪಿಗಾಗಿ ಜೀವನವಿಡೀ ಶ್ರಮಿಸಿದ ಬಕ್ ಓನೀಲ್ ಮಾತ್ರ ಆಯ್ಕೆಯಾಗಲಿಲ್ಲ. ಆದರೂ 94ರ ಆ ವೃದ್ಧರು ಸಮಾರಂಭಕ್ಕೆ ಹೋಗಿ ಆ ಹದಿನೇಳು ಮಂದಿಯ ಪರವಾಗಿ ಮಾತನಾಡಿದರು. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಆಯ್ಕೆಯಾದದ್ದು 2021ರಲ್ಲಿ.

ಲೆಕ್ಕವಿರುವವರನ್ನು ಲೆಕ್ಕದಿಂದಲೇ ತೂಗಲಿ. ಅಲ್ಲಿ ಗೆಳೆತನಕ್ಕೆ ಎಡೆ ಬೇಡ. ಆದರೆ ಬಾಗಿಲು ಮುಚ್ಚಿದ್ದರಿಂದಲೇ ಲೆಕ್ಕವಿಲ್ಲದೆ ಹೋದವರನ್ನು, ಲೆಕ್ಕವಿಲ್ಲವೆಂಬ ಕಾರಣಕ್ಕೆ ಮತ್ತೊಮ್ಮೆ ಹೊರಗೆ ನಿಲ್ಲಿಸುವುದು ಎರಡನೆಯ ಅನ್ಯಾಯ. ಬರೆದಿಡದ ಮಾತ್ರಕ್ಕೆ ನಡೆದದ್ದು ನಡೆಯದೆ ಹೋಗುವುದಿಲ್ಲ.