ಊರಿನ ದುಡ್ಡು, ಊರಿನ ಮೈದಾನ

ಆಟದ ಮೈದಾನಕ್ಕೆ ನಗರಸಭೆ ದುಡ್ಡು ಹಾಕಬೇಕಾ?
ಹಾಕಲೇಬೇಕು.
ಆದರೆ ಎಂಥ ಮೈದಾನಕ್ಕೆ?

ಐಸ್‌ಲ್ಯಾಂಡ್ ನೋಡಿ.
ನಮ್ಮ ದಾವಣಗೆರೆ ನಗರಕ್ಕಿಂತ ಕಡಿಮೆ ಜನ.
ಚಳಿಗಾಲ ಬಂತೆಂದರೆ ಬಯಲೆಲ್ಲ ಹಿಮ,
ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.

2000ರಿಂದ ಈಚೆಗೆ
ಅಲ್ಲಿನ ಸ್ಥಳೀಯ ಆಡಳಿತಗಳು
ಸೂರಿನಡಿ ಫುಟ್‌ಬಾಲ್ ಅಂಗಳ ಕಟ್ಟಿದವು.
ಹೊರಗೆ ಹಿಮಗಾಳಿ.
ಒಳಗೆ ದೀಪದ ಬೆಳಕು, ಕೃತಕ ಹುಲ್ಲು,
ಚೆಂಡಿನ ಹಿಂದೆ ಓಡುವ ಊರಿನ ಮಕ್ಕಳು.

2016ರ ಯುರೋ ಕಪ್‌ನಲ್ಲಿ
ಇಂಗ್ಲೆಂಡನ್ನು 2-1ರಿಂದ ಸೋಲಿಸಿದ್ದು
ಇದೇ ಪುಟ್ಟ ದೇಶ!

ಈಗ ಕೆನಡಾದ ಮಾಂಟ್ರಿಯಲ್.
1976ರ ಒಲಿಂಪಿಕ್ಸ್‌ಗೆ ಭಾರಿ ಸ್ಟೇಡಿಯಂ.
ಅದರ ಸಾಲ ತೀರಿದ್ದು 2006ರಲ್ಲಿ,
ಅದೂ ತಂಬಾಕಿನ ತೆರಿಗೆಯಿಂದ.
ಅಪ್ಪನ ಮದುವೆ ಸಾಲವನ್ನು
ಮಗ ತೀರಿಸಿದ ಹಾಗೆ!

ಅದೇ ಸ್ಟೇಡಿಯಂನ ಚಾವಣಿ ಬದಲಿಸಲು
2024ರಲ್ಲಿ ಮತ್ತೆ ಘೋಷಣೆಯಾದ ಮೊತ್ತ:
87 ಕೋಟಿ ಡಾಲರ್.